ರಜಾ ಪಟ್ಟಿಯೂ ಹಬ್ಬದ ತಿಥಿಯೂ

ವರ್ಷಾಂತ್ಯವು ಸಮೀಪಿಸುತ್ತಿದ್ದಂತೆ ವಿಧಾನಸೌಧದಿಂದ ಮುಂದಿನ ವರ್ಷದ ರಜಾ ದಿನಗಳ ಪಟ್ಟಿಯು ಹೊರಡುವುದು ವಾಡಿಕೆ. ಆ ದಿನ ನಮ್ಮ ಕಾರ್ಯಾಲಯಕ್ಕೆ ಬರುವ ವಿಚಾರಣೆಗಳು ಚುನಾವಣೆಯ ಫಲಿತಾಂಶದ ದಿನಕ್ಕೆ ಕಡಮೆಯಲ್ಲ. ಯಾವ ಹಬ್ಬ ಭಾನುವಾರಕ್ಕೆ ಬಿದ್ದು ವ್ಯರ್ಥವಾಯಿತು, ಯಾವುದು ಎರಡನೆಯ ಶನಿವಾರಕ್ಕೆ ಅಂಟಿಕೊಂಡು ಮೂರು ದಿನಗಳ ವಿರಾಮವಾಯಿತು ಎಂಬುದೇ ಬಹುಮಂದಿಯ ಪ್ರಶ್ನೆ. ಇದರಲ್ಲಿ ಹೀಗಳೆಯತಕ್ಕದ್ದು ಏನೂ ಇಲ್ಲ. ದುಡಿಯುವವನಿಗೆ ವಿಶ್ರಾಂತಿಯ ಲೆಕ್ಕವು ಸಹಜವಾದುದು. ಆದರೆ ಈ ಪಟ್ಟಿಯು ಎಲ್ಲಿಂದ ಬಂದಿತು, ಯಾರ ಲೆಕ್ಕದಂತೆ ಸಿದ್ಧವಾಯಿತು, ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ಒಮ್ಮೆ ವಿಚಾರಿಸುವುದು ಅನುಚಿತವಾಗಲಾರದು.

ನಾವು ಬಾಲ್ಯದಲ್ಲಿ ಓದಿದ ಪಾಠಶಾಲೆಯಲ್ಲಿ ಭಾನುವಾರಕ್ಕೆ ಮಾನ್ಯತೆ ಇರಲಿಲ್ಲ. ಪ್ರತಿಪದೆ, ಅಷ್ಟಮಿ, ಚತುರ್ದಶಿ ಮತ್ತು ಪರ್ವದಿನಗಳು ಅನಧ್ಯಯನದ ದಿನಗಳು. ಪಾಡ್ಯದ ದಿನ ಓದಿದ ವಿದ್ಯೆಯು ಕೃಶವಾಗುತ್ತದೆಂಬ ನಂಬಿಕೆಯು ಎಷ್ಟು ಹಳೆಯದೆಂದರೆ, ಸುಂದರಕಾಂಡದಲ್ಲಿ ಹನುಮಂತನು ಸೀತಾದೇವಿಯ ಸೊರಗನ್ನು ಅಂಥ ವಿದ್ಯೆಗೆ ಹೋಲಿಸುತ್ತಾನೆ. ಹುಡುಗರಾದ ನಮಗೆ ಆ ಉಪಮಾನವು ಬಹಳ ಪ್ರಿಯವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಅನಂತರ ಹೈಸ್ಕೂಲಿಗೆ ಸೇರಿದಾಗ ಚಂದ್ರನನ್ನು ಬಿಟ್ಟು ವಾರದ ಅಧೀನಕ್ಕೆ ಬಂದೆವು. ಆ ಭಾನುವಾರವಾದರೂ ಪುಕ್ಕಟೆಯಾಗಿ ದೊರೆತದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಳ ಕಾಲ ಹೋರಾಡಿದ ಮೇಲೆ 1890ರಲ್ಲಿ ಅದು ಕೈಗೂಡಿತು. ಇನ್ನು ಸರಕಾರೀ ರಜೆಗೆ ಆಧಾರವಾದ ಕಾಯಿದೆಯೋ, ಹಬ್ಬಕ್ಕೂ ದೇವರಿಗೂ ಸಂಬಂಧವಿಲ್ಲದ 1881ರ ಹುಂಡಿ ಚೆಕ್ಕುಗಳ ಕಾಯಿದೆ. ಹುಂಡಿಯ ವಾಯಿದೆಯು ರಜಾ ದಿನ ತೀರುವುದಾದರೆ ಅದರ ಹಿಂದಿನ ವ್ಯವಹಾರದ ದಿನವೇ ಹಣ ಸಲ್ಲಬೇಕೆಂದು ವಿಧಿಸುವುದಕ್ಕಾಗಿ ಸಾರ್ವಜನಿಕ ರಜೆ ಎಂಬುದನ್ನು ಅದರ 25ನೆಯ ಕಲಮಿನಲ್ಲಿ ವಿವರಿಸಬೇಕಾಯಿತು. ದೀಪಾವಳಿಯೂ ಬಕ್ರೀದೂ ಕ್ರಿಸ್‌ಮಸ್ಸೂ ಇಂದಿಗೂ ಆ ಸಾಹುಕಾರಿ ಕಲಮಿನ ಆಶ್ರಯದಲ್ಲಿಯೇ ರಜೆಗಳಾಗಿವೆ.

ಪಟ್ಟಿಯನ್ನು ಸಿದ್ಧಪಡಿಸುವ ಗುಮಾಸ್ತೆಯ ಕಷ್ಟವನ್ನು ಬಲ್ಲವರು ಕಡಮೆ. ಅವನು ಒಂದೇ ಹಾಳೆಯಲ್ಲಿ ಅನೇಕ ಕಾಲಗಣನೆಗಳನ್ನು ಹೊಂದಿಸಬೇಕು. ಚಾಂದ್ರಮಾನದ ವರ್ಷವು ಸುಮಾರು 354 ದಿನಗಳದು. ಸೌರವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ನಮ್ಮ ಪಂಚಾಂಗಕರ್ತರು ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿಹಾಕಿದ್ದಾರೆ. 2023ರಲ್ಲಿ ಶ್ರಾವಣವು ಎರಡು ಬಾರಿ ಬಂದದ್ದು ವಾಚಕರಿಗೆ ನೆನಪಿರಬಹುದು. ಹಿಜರಿ ಗಣನೆಯು ಅಧಿಕಮಾಸವನ್ನು ಒಪ್ಪುವುದಿಲ್ಲ. ಆದಕಾರಣ ಮೊಹರಮ್ ಮೊದಲಾದುವು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. 2009ರ ಜನವರಿಯಲ್ಲಿ ಒಮ್ಮೆ, ಅದೇ ಡಿಸೆಂಬರಿನಲ್ಲಿ ಇನ್ನೊಮ್ಮೆ ಮೊಹರಮ್ಮಿನ ಕೊನೆಯ ದಿನ ಬಂದಿತ್ತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದುಗಳೂ ಮುಸಲ್ಮಾನರೂ ಸೇರಿ ಹೆಜ್ಜೆಯಿಡುವ ಆ ಆಚರಣೆಯು ಒಂದು ತಲೆಮಾರಿಗೆ ಬಿತ್ತನೆಯ ಕಾಲದಲ್ಲಿ, ಮತ್ತೊಂದಕ್ಕೆ ಸುಗ್ಗಿಯ ಕಾಲದಲ್ಲಿ ಒದಗುತ್ತದೆ. ಗುಡ್ ಫ್ರೈಡೆಯಾದರೋ ಸೂರ್ಯ, ಚಂದ್ರ, ವಾರ ಮೂರಕ್ಕೂ ಬದ್ಧವಾದುದು: ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್; ಅದಕ್ಕೆ ಎರಡು ದಿನ ಹಿಂದೆ ಶುಕ್ರವಾರ. ಚಂದ್ರದರ್ಶನದಿಂದ ಮುಸಲ್ಮಾನರ ಹಬ್ಬದ ದಿನ ವ್ಯತ್ಯಾಸವಾದರೆ ಆ ಸಮುದಾಯದ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದೆಂದು ನಮ್ಮ ಸರಕಾರದ ಪಟ್ಟಿಯ ಅಡಿಯಲ್ಲಿ ಒಂದು ಟಿಪ್ಪಣಿ ಇರುತ್ತದೆ. ಕೊಡಗು ಜಿಲ್ಲೆಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗಳಿಗೆ ಸ್ಥಳೀಯ ರಜೆಯುಂಟು. ಈ ಎರಡು ಸಣ್ಣ ಟಿಪ್ಪಣಿಗಳಲ್ಲಿ ಇರುವ ವಿವೇಕವು ಎಷ್ಟೋ ದೊಡ್ಡ ಭಾಷಣಗಳಲ್ಲಿ ಇರುವುದಿಲ್ಲ.

ಸೂರ್ಯನ ಹಬ್ಬವಾದರೂ ಸ್ಥಿರವಲ್ಲವೆಂಬುದು ವಿಚಿತ್ರ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಅಂದಿನ ತಾರೀಖು ಜನವರಿ 12. ಇಂದು ಅದೇ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ನಕ್ಷತ್ರವನ್ನು ಹಿಡಿದು ಎಣಿಸುವ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೀರ್ಘವಾದುದರಿಂದ ಎಪ್ಪತ್ತು ಚಿಲ್ಲರೆ ವರ್ಷಗಳಿಗೆ ಒಂದು ದಿನದಂತೆ ಹಬ್ಬವು ಮುಂದಕ್ಕೆ ಜರುಗುತ್ತಿದೆ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಉತ್ತರಾಯಣದ ಪುಣ್ಯಕಾಲವೆಂದು ಎಳ್ಳು ಬೆಲ್ಲ ಹಂಚುವುದು ಮೂರು ವಾರಗಳ ತರುವಾಯ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು 1955ರ ತನ್ನ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿತು. ದೇಶದಲ್ಲಿ ಆಗ ಮೂವತ್ತರಷ್ಟು ಬಗೆಯ ಪಂಚಾಂಗ ಪದ್ಧತಿಗಳಿದ್ದುವು. ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22, ಶಕ 1879ರ ಚೈತ್ರ 1 ಎಂದು ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಆದರೆ ಧಾರ್ಮಿಕ ಹಬ್ಬಗಳನ್ನು ಒಮ್ಮೆಗೇ 23 ದಿನ ಹಿಂದಕ್ಕೆ ಎಳೆಯುವ ಸಾಹಸವನ್ನು ಆ ವಿಜ್ಞಾನಿಗಳು ಮಾಡಲಿಲ್ಲ, ಮಾಡದಿದ್ದುದೇ ಲೇಸಾಯಿತು. ಹೊಸ ಪಂಚಾಂಗವು ಗೆಜೆಟ್ಟಿನ ತಲೆಬರಹದಲ್ಲಿಯೂ ಆಕಾಶವಾಣಿಯ ಪ್ರಕಟಣೆಯಲ್ಲಿಯೂ ಉಳಿಯಿತು. ಇಂದಿನ ಶಕ ದಿನಾಂಕ ಯಾವುದೆಂದು ನಮ್ಮ ಅಧಿಕಾರಿ ಮಿತ್ರರನ್ನು ಕೇಳಿ ಅವರನ್ನು ಮುಜುಗರಕ್ಕೆ ಗುರಿಪಡಿಸುವ ಇಚ್ಛೆ ನಮಗಿಲ್ಲ; ಕೇಳಿದರೆ ನಮಗೂ ತಡವರಿಸಬೇಕಾದೀತು.

ತಿಥಿಯನ್ನು ಬೇಡದ, ಮನುಷ್ಯರೇ ಗಳಿಸಿದ ಹಬ್ಬಗಳು ಮತ್ತೊಂದು ಬಗೆ. ಜನವರಿ 26 ಮೊದಲು ರಜಾ ದಿನವಾಗಿರಲಿಲ್ಲ. 1930ರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯನ್ನು ಓದಿದ ದಿನವದು. ಮುಂದೆ ಹಲವು ವರ್ಷ ಅದನ್ನು ಆಚರಿಸಲು ಹೊರಟವರಿಗೆ ದೊರೆತದ್ದು ಲಾಠಿ, ಬಂಧನ. ಅದನ್ನು ಮರೆಯಬಾರದೆಂದೇ ಸಂವಿಧಾನವು 1950ರಲ್ಲಿ ಅದೇ ದಿನ ಜಾರಿಗೆ ಬಂದಿತು. ಧಾರವಾಡದಲ್ಲಿ ಬೇಂದ್ರೆಯವರು 1926ರಲ್ಲಿ ನಾಡಹಬ್ಬವನ್ನು ಆರಂಭಿಸಿದಾಗ ನಾಡೇ ಹಲವು ತುಂಡುಗಳಾಗಿತ್ತು. ನವೆಂಬರ್ 1 ಕನ್ನಡಿಗರ ಪಾಲಿಗೆ ಹಬ್ಬವಾಗಲು 1956 ಬರಬೇಕಾಯಿತು.

ಜಯಂತಿಗಳ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯವು ಕೆಲವರಿಗೆ ರುಚಿಸದಿರಬಹುದು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದ್ದು ಜನರನ್ನು ಕೂಡಿಸಲಿಕ್ಕೆ, ಮನೆಯಲ್ಲಿ ಮಲಗಿಸಲಿಕ್ಕಲ್ಲ. 2017ರಲ್ಲಿ ಉತ್ತರಪ್ರದೇಶದ ಸರಕಾರವು ಇಂಥ ಹದಿನೈದು ರಜೆಗಳನ್ನು ಒಮ್ಮೆಗೇ ರದ್ದುಮಾಡಿತು. ನಾವು ಅಷ್ಟು ದೂರ ಹೋಗುವುದಿಲ್ಲ. ಪಟ್ಟಿಯಲ್ಲಿ ಒಬ್ಬ ಮಹಾತ್ಮರ ಹೆಸರಿರುವುದು ಬಹುಕಾಲ ಹಿಂದೆ ತಳ್ಳಲ್ಪಟ್ಟ ಜನಕ್ಕೆ ದೊರೆತ ಗೌರವವೂ ಹೌದು. ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಆಗಸ್ಟ್ 15ರಂದು ಮಕ್ಕಳು ಶಾಲೆಗೆ ಬಂದು ಧ್ವಜವಂದನೆ ಮಾಡಿ ಹೋಗುವಂತೆ ಜಯಂತಿಯ ದಿನವೂ ಎರಡು ಗಂಟೆ ಬಂದು ಆ ಮಹನೀಯರ ವಿಷಯವನ್ನು ಕೇಳಿ ಹೋಗಲಿ ಎಂಬಷ್ಟೇ ನಮ್ಮ ಸೂಚನೆ.

ಇಷ್ಟೆಲ್ಲ ಚರ್ಚೆಯೂ ಸಂಬಳ ಕಡಿತವಿಲ್ಲದೆ ರಜೆ ಪಡೆಯುವವರ ಚರ್ಚೆ. ಪಟ್ಟಿಯ ಹೊರಗಿರುವವರಿಗೂ ಒಂದು ಕಾಯಿದೆಯುಂಟು: ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ನಮ್ಮ ರಾಜ್ಯದ 1963ರ ಕಾಯಿದೆ. ಅದರಂತೆ ಕೆಲಸಗಾರನಿಗೆ ರಾಷ್ಟ್ರೀಯ ದಿನಗಳಲ್ಲದೆ ಹಬ್ಬದ ರಜೆಗಳೂ ವೇತನಸಹಿತ ಸಲ್ಲಬೇಕು; ಆ ದಿನ ದುಡಿಸಿಕೊಂಡರೆ ಇಮ್ಮಡಿ ಕೂಲಿ, ಅಥವಾ ಕೂಲಿಯ ಜೊತೆಗೆ ಬದಲಿ ರಜೆ. ಈ ವಿಷಯದಲ್ಲಿ ನಾವು ನಿರ್ದೋಷಿಗಳೆಂದು ಹೇಳಿಕೊಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ರಾಜ್ಯೋತ್ಸವದ ದಿನ ಕನ್ನಡದ ಹಿರಿಮೆಯನ್ನು ಕುರಿತು ಉದ್ದವಾದ ಅಗ್ರಲೇಖನವನ್ನು ಬರೆದು ಯಂತ್ರಕ್ಕೆ ಕಳುಹಿದೆವು. ಅದನ್ನು ಮುದ್ರಿಸಿದ ಮುದುಕನು ಮಾರನೆಯ ದಿನ ಬಂದು, ನಿನ್ನೆಯದು ಇಮ್ಮಡಿಯೋ ಒಮ್ಮಡಿಯೋ ಎಂದು ವಿನಯದಿಂದ ಕೇಳಿದನು. ಅಲ್ಲಿಯವರೆಗೆ ಒಮ್ಮಡಿಯೇ ಆಗಿತ್ತು. ಅವನಿಗೆ ಹಿಂದಿನ ಬಾಕಿಯನ್ನೂ ಸೇರಿಸಿ ಕೊಟ್ಟೆವು, ಉಳಿದವರೂ ಬಂದು ಕೇಳಿದರು, ಅವರಿಗೂ ಕೊಡಬೇಕಾಯಿತು.

ದೀಪಾವಳಿಯ ಮಾರನೆಯ ಬೆಳಗ್ಗೆ ಬೀದಿಯ ಪಟಾಕಿ ಕಾಗದವನ್ನು ಗುಡಿಸುವವರು, ಆಸ್ಪತ್ರೆಯ ಬಾಗಿಲು ಕಾಯುವವರು, ಗುತ್ತಿಗೆದಾರನ ಕೈಕೆಳಗೆ ದುಡಿಯುವ ಇನ್ನೆಷ್ಟೋ ಮಂದಿ ತಮಗೆ ಯಾವ ರಜೆ ಸಲ್ಲುತ್ತದೆಂದು ತಿಳಿಯದೆ ಇದ್ದಾರೆ. ಹಬ್ಬದ ರಜೆಗಳ ಪಟ್ಟಿಯನ್ನು ಕೆಲಸಗಾರರಿಗೆ ಕಾಣುವಂತೆ ತೂಗುಹಾಕಬೇಕಾದುದು ಧಣಿಗಳ ಕರ್ತವ್ಯ. ನಮ್ಮ ಊರಿನ ಗಿರಣಿಗಳಲ್ಲಿ, ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ ಎಷ್ಟು ಗೋಡೆಗಳ ಮೇಲೆ ಅದಿದೆಯೆಂದು ಕಾರ್ಮಿಕ ಇಲಾಖೆಯ ಅಧಿಕಾರಿಗಳು ಈ ವರ್ಷ ಖುದ್ದಾಗಿ ನೋಡಿಬರಬೇಕೆಂದು ಕೋರುತ್ತೇವೆ. ನಮ್ಮ ಕಾರ್ಯಾಲಯದಲ್ಲಿ ಅದು ಯಂತ್ರದ ಕೋಣೆಯ ಬಾಗಿಲಿನ ಎಡಗಡೆಗೆ ತೂಗುತ್ತಿದೆ. ಪರಿಶೀಲನೆಯನ್ನು ಅಲ್ಲಿಂದಲೇ ಆರಂಭಿಸಬಹುದು.