ಬ್ಯಾಗು, ಗೊಂಬೆ, ಕೌದಿಗೂ ವಾಷಿಂಗ್ ಮೆಷಿನ್: ಹಾಕುವ ಮುನ್ನ ಮೂರು ಪ್ರಶ್ನೆ

ಚಾಕಣ: ಪುಣೆ–ನಾಸಿಕ್ ಹೆದ್ದಾರಿಯಲ್ಲಿರುವ ಚಾಕಣ ಹಿಂದಿನಿಂದಲೂ ನೀರುಳ್ಳಿ, ಬಟಾಟೆ ಮಾರುಕಟ್ಟೆಗೆ ಹೆಸರಾದ ಊರು. 1999ರಲ್ಲಿ ಇಲ್ಲಿ ಬಜಾಜ್ ಆಟೋ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್ ಬೆಂಜ್ ಕಾರು ಕಾರ್ಖಾನೆಗಳು ಬಂದವು. ಉದ್ಯೋಗ ಅರಸಿ ಉತ್ತರ ಕರ್ನಾಟಕದಿಂದ ಬಂದವರು, ಹೋಟೆಲ್ ಉದ್ಯಮಕ್ಕಾಗಿ ಕರಾವಳಿಯಿಂದ ಬಂದವರು ಇಲ್ಲಿ ಮನೆ ಮಾಡಿದ್ದಾರೆ. ತಳೇಗಾಂವ್ ಚೌಕದಲ್ಲಿ ಲಾರಿ, ಕಂಟೇನರ್‌ಗಳ ಸಾಲಿನ ಹಿಂದೆ ನಿಂತವರಿಗೆ ಇಲ್ಲಿಯ ಧೂಳಿನ ಪರಿಚಯ ಹೇಳಬೇಕಾಗಿಲ್ಲ.

ಆ ಧೂಳು ಮನೆಯೊಳಗೂ ಬರುತ್ತದೆ. ಉಟ್ಟ ಬಟ್ಟೆಯನ್ನು ನಾವು ದಿನ ಬಿಟ್ಟು ದಿನ ಒಗೆಯುತ್ತೇವೆ. ಆದರೆ ಜೂನ್‌ನಲ್ಲಿ ಕೊಂಡ ಶಾಲೆಯ ಬ್ಯಾಗು ಮುಂದಿನ ಏಪ್ರಿಲ್ ತನಕ ನೀರು ಕಾಣುವುದಿಲ್ಲ. ಮಗು ಅಪ್ಪಿಕೊಂಡು ಮಲಗುವ ಗೊಂಬೆ, ಹೆಲ್ಮೆಟ್‌ನ ಒಳ ಬಟ್ಟೆ, ತಲೆದಿಂಬು, ತರಕಾರಿ ಚೀಲಗಳ ಕತೆಯೂ ಅಷ್ಟೇ. ಇವುಗಳಲ್ಲಿ ಬಹಳಷ್ಟನ್ನು ಮನೆಯ ವಾಷಿಂಗ್ ಮೆಷಿನ್‌ನಲ್ಲೇ ಒಗೆಯಬಹುದು. ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಒಳಗೆ ಏನು ತುಂಬಿದೆ? ಮೇಲೆ ಏನು ಮೆತ್ತಿದೆ? ನೀರು ಕುಡಿದ ಮೇಲೆ ಎಷ್ಟು ಭಾರವಾಗುತ್ತದೆ?

ಇವುಗಳನ್ನು ಹಾಕಬಹುದು

ಶಾಲೆಯ ಬ್ಯಾಗು, ಟಿಫಿನ್ ಚೀಲ: ಎಲ್ಲ ಜೇಬು ಖಾಲಿ ಮಾಡಿ, ಒಳಗಿನ ಪುಡಿ ಕೊಡವಿ, ಮಗ್ಗುಲು ಮಗುಚಿ ಹಳೆಯ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಪಟ್ಟಿ, ಬಕಲ್‌ಗಳು ಡ್ರಮ್ಮಿಗೆ ಸಿಕ್ಕಿಕೊಳ್ಳುವುದಿಲ್ಲ. ಚರ್ಮದ ಬ್ಯಾಗು, ಒಳಗೆ ರಟ್ಟು ಇಟ್ಟು ಹೊಲಿದ ಬ್ಯಾಗು ಬೇಡ.

ಕ್ಯಾನ್ವಾಸ್ ಬೂಟು: ಲೇಸು, ಒಳಗಿನ ಸೋಲ್ ತೆಗೆದು, ಮಣ್ಣು ತಟ್ಟಿ, ಎರಡು ಹಳೆಯ ಟವೆಲ್ ಜೊತೆಗೆ ತಣ್ಣೀರಿನಲ್ಲಿ ಒಗೆಯಿರಿ. ಬಿಸಿನೀರಿಗೆ ಅಂಟು ಬಿಡುತ್ತದೆ. ನೆರಳಿನಲ್ಲಿ ಒಣಗಿಸಿ. ಕಾರ್ಖಾನೆಯ ಸೇಫ್ಟಿ ಶೂಗೆ ಉಕ್ಕಿನ ಮೂತಿ ಇರುವುದರಿಂದ ಅದು ಮೆಷಿನ್ ಹತ್ತಿರವೂ ಬರಬಾರದು.

ಮೆತ್ತನೆಯ ಗೊಂಬೆ: ಬ್ಯಾಟರಿ ಇಲ್ಲದ್ದಾದರೆ ಹಾಕಬಹುದು. ಆಸ್ತಮಾ, ಅಲರ್ಜಿ ಇರುವ ಮಕ್ಕಳ ಮನೆಯಲ್ಲಿ ಇದು ಮುಖ್ಯ. ಹಾಸಿಗೆ, ದಿಂಬು, ಗೊಂಬೆಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳು ಸೇರಿಕೊಳ್ಳುತ್ತವೆ. 60 ಡಿಗ್ರಿ ಬಿಸಿನೀರಿನಲ್ಲಿ ಅವು ಸಾಯುತ್ತವೆ. ಅಷ್ಟು ಬಿಸಿ ತಡೆಯದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟು ಬಳಿಕ ತಣ್ಣೀರಿನಲ್ಲಿ ಒಗೆಯಬಹುದು.

ಹೆಲ್ಮೆಟ್‌ನ ಒಳ ಬಟ್ಟೆ: ಬಿಚ್ಚಲು ಬರುವಂಥದ್ದಾದರೆ ಮಾತ್ರ, ಜಾಲರಿ ಚೀಲದಲ್ಲಿ, ನಿಧಾನದ ಸುತ್ತಿನಲ್ಲಿ. ಬಿಚ್ಚಲು ಬರದಿದ್ದರೆ ಮೃದು ಸೋಪಿನ ನೀರಿನಿಂದ ಕೈಯಲ್ಲೇ ಒರಸಿ. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಏಟು ತಡೆಯುವ ಒಳಗಿನ ಥರ್ಮೋಕೋಲ್ ಪದರವೇ ಕರಗುತ್ತದೆ.

ದಿಂಬು: ಪಾಲಿಯೆಸ್ಟರ್ ತುಂಬಿದ್ದನ್ನು ಎರಡೆರಡಾಗಿ ಹಾಕಿ, ತೂಕ ಸರಿದೂಗುತ್ತದೆ. ಬೂರುಗದ ಹತ್ತಿ, ಹಿಂಜಿದ ಹತ್ತಿ ತುಂಬಿದ್ದು ಗಂಟುಕಟ್ಟುತ್ತದೆ. ಅದಕ್ಕೆ ಬಿಸಿಲೇ ಮದ್ದು.

ಸೊಳ್ಳೆ ಪರದೆ: ಸಾದಾ ಪರದೆಯನ್ನು ಜಾಲರಿ ಚೀಲದಲ್ಲಿ ಹಾಕಬಹುದು. ಕೀಟನಾಶಕ ಲೇಪಿಸಿದ ಪರದೆಯಾದರೆ ಕೈಯಲ್ಲೇ ಮೆಲ್ಲಗೆ ಒಗೆದು ನೆರಳಿನಲ್ಲಿ ಒಣಗಿಸಬೇಕು. ಆ ನೀರು ಕೆರೆ, ಹೊಳೆಗೆ ಹೋಗಬಾರದು, ಮೀನುಗಳಿಗೆ ಅಪಾಯ.

ಕಾಲೊರಸುವ ಮ್ಯಾಟ್: ಬಟ್ಟೆಯದ್ದಾದರೆ ಹಾಕಿ. ಅಡಿಯ ರಬ್ಬರ್ ಉದುರುತ್ತಿದ್ದರೆ ಬೇಡ, ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ.

ಇನ್ನು ಮಳೆಗಾಲದ ರೈನ್‌ಕೋಟ್, ಪ್ಲಾಸ್ಟಿಕ್ ಹಾಳೆಯಂಥ ನೀರು ಇಳಿಯದ ವಸ್ತುಗಳನ್ನು ಮೆಷಿನ್‌ನಲ್ಲಿ ಹಿಂಡಲು ಬಿಡಬಾರದು. ಒಳಗೆ ನೀರು ಸಿಕ್ಕಿಕೊಂಡು ತೂಕ ಒಂದೇ ಕಡೆ ವಾಲುತ್ತದೆ, ಸುತ್ತುವ ಮೆಷಿನ್ ಜೋರಾಗಿ ಅದುರಿ ಮುರಿಯುವುದೂ ಉಂಟು.

ಊರಿನಿಂದ ಬಂದ ಕೌದಿ, ಕಂಬಳಿ

ಉತ್ತರ ಕರ್ನಾಟಕದವರ ಮನೆಯಲ್ಲಿ ಅವ್ವನೋ ಅಜ್ಜಿಯೋ ಹೊಲಿದ ಕೌದಿ ಇದ್ದೇ ಇರುತ್ತದೆ. ಇಲ್ಲಿಯ ನೆರೆಯವರು ಇದನ್ನೇ ಗೋಧಡಿ ಎನ್ನುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿಯಲ್ಲಿ ಹತ್ತಿ ತುಂಬಿರುವುದಿಲ್ಲವಾದ್ದರಿಂದ ಗಂಟುಕಟ್ಟುವ ಭಯ ಕಡಿಮೆ. ತೊಂದರೆ ಇರುವುದು ತೂಕದಲ್ಲಿ. ಮೆಷಿನ್ ಮೇಲೆ ಬರೆದ 6 ಅಥವಾ 7 ಕಿಲೋ ಎಂಬುದು ಒಣ ಬಟ್ಟೆಯ ಲೆಕ್ಕ, ಅದೂ ಸಡಿಲವಾಗಿ ತುಂಬಿದಾಗ. ದಪ್ಪ ಕೌದಿ ನೀರು ಕುಡಿದು ಒಂದೇ ಮುದ್ದೆಯಾಗಿ ಕೂತರೆ ಮೋಟಾರಿಗೆ ಏಟು. ಒಬ್ಬರು ಹೊದೆಯುವ ತೆಳು ಕೌದಿಯನ್ನು ಒಂದೊಂದೇ ಹಾಕಬಹುದು. ಮೊದಲು ಬಿಟ್ಟ ಹೊಲಿಗೆಗಳನ್ನು ಹಾಕಿಕೊಳ್ಳಿ. ಜೋಡಿ ಕೌದಿ, ದೊಡ್ಡ ಜಮಖಾನೆಗಳಿಗೆ ಊರಿನ ಹಳೆಯ ಪದ್ಧತಿಯೇ ಸರಿ: ಇಬ್ಬರು ಎರಡು ತುದಿ ಹಿಡಿದು ಹಿಂಡುವುದು.

ಉಣ್ಣೆಯ ಕಂಬಳಿಯನ್ನು ಮಾತ್ರ ಹಾಕಲೇಬೇಡಿ. ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಕುಲುಕಾಟ ಸೇರಿದರೆ ಅವು ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ಕುಗ್ಗಿ ಗಟ್ಟಿಯಾಗುತ್ತದೆ. ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ.

ಡ್ಯೂಟಿ ಬಟ್ಟೆ ಬೇರೆಯೇ ಇರಲಿ

ಬ್ಯಾಗು, ಗೊಂಬೆಗಳು ಮೆಷಿನ್ ಸೇರಿದ ಮೇಲೆ ಒಂದು ಎಚ್ಚರ ಹೆಚ್ಚು ಬೇಕು. ಕಾರ್ಖಾನೆಯ ಸಮವಸ್ತ್ರದಲ್ಲಿ ಯಂತ್ರದ ಎಣ್ಣೆ, ಗ್ರೀಸ್, ಕಬ್ಬಿಣದ ಸಣ್ಣ ಚೂರು ಇರುತ್ತವೆ. ಅದರೊಟ್ಟಿಗೆ ಮಕ್ಕಳ ವಸ್ತು ಹಾಕಿದರೆ ಆ ಕೊಳೆ ಅವಕ್ಕೂ ಅಂಟುತ್ತದೆ. ಡ್ಯೂಟಿ ಬಟ್ಟೆಯನ್ನು ಜೇಬು ನೋಡಿ, ಎಲ್ಲಕ್ಕಿಂತ ಕೊನೆಯಲ್ಲಿ ಪ್ರತ್ಯೇಕವಾಗಿ ಒಗೆದು, ಬಳಿಕ ಖಾಲಿ ಮೆಷಿನ್ ಒಮ್ಮೆ ಜಾಲಿಸಿ.

ಗ್ರೀಸ್ ಕಲೆಗೆ ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಉಜ್ಜಿದ ಬಟ್ಟೆಯನ್ನು ಮೆಷಿನ್‌ಗೆ ಹಾಕುವುದು ಅಪಾಯಕಾರಿ. ಅದರ ಆವಿ ಡ್ರಮ್ಮಿನಲ್ಲಿ ತುಂಬಿಕೊಂಡಾಗ ವಿದ್ಯುತ್ತಿನ ಒಂದು ಕಿಡಿ ಸಾಕು. ಕಲೆಗೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಅರ್ಧ ಗಂಟೆ ಬಿಟ್ಟು ಒಗೆಯುವುದು ಸುರಕ್ಷಿತ.

ಹೋಟೆಲ್ ಬಂಧುಗಳೂ ಗಮನಿಸಬೇಕು. ಅಡುಗೆ ಎಣ್ಣೆ ಕುಡಿದ ಒರೆಸುವ ಬಟ್ಟೆಯಲ್ಲಿ ಒಗೆದ ಬಳಿಕವೂ ಎಣ್ಣೆ ಉಳಿದಿರುತ್ತದೆ. ಅದನ್ನು ಡ್ರೈಯರ್‌ನಲ್ಲಿ ಒಣಗಿಸಿ ಬಿಸಿ ಇರುವಾಗಲೇ ರಾಶಿ ಹಾಕಿದರೆ ಎಣ್ಣೆ ಗಾಳಿಯೊಂದಿಗೆ ಬೆರೆತು ಮತ್ತಷ್ಟು ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಆರಿಸಿ, ಬಳಿಕವೇ ಮಡಚಿ.

ಸಂಘದ ಕಪಾಟಿನಲ್ಲಿ ಇರುವವು

ರಾಜ್ಯೋತ್ಸವ ಮುಗಿದ ಮೇಲೆ ಸಂಘಗಳ ಕಪಾಟು ಸೇರುವ ಹಳದಿ–ಕೆಂಪು ಬಾವುಟ, ಶಾಲು, ಮೇಜಿನ ಬಟ್ಟೆಗಳನ್ನೂ ಮೆಷಿನ್‌ನಲ್ಲಿ ಒಗೆಯಬಹುದು. ಆದರೆ ಹೊಸ ಕೆಂಪು ಬಣ್ಣ ಬಿಟ್ಟರೆ ಹಳದಿ ಕೆಡುತ್ತದೆ. ಮೊದಲು ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಅಂಟಿದರೆ ಕೈಯಲ್ಲೇ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಜರಿಯ ಶಾಲು, ಯಕ್ಷಗಾನದ ವೇಷಭೂಷಣಗಳಿಗೆ ಮೆಷಿನ್ ಸಲ್ಲದು.

ನೀರೂ ಉಳಿಯಲಿ

ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಮನೆಗಳಲ್ಲಿ ಇಷ್ಟೆಲ್ಲ ಒಗೆಯಲು ನೀರೆಲ್ಲಿ ಎಂಬ ಪ್ರಶ್ನೆ ಸಹಜ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್ ಇದ್ದವರಿಗೆ ಒಂದು ಅನುಕೂಲವಿದೆ. ಒಮ್ಮೆ ತುಂಬಿದ ಸೋಪಿನ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ನಂತರ ಬಣ್ಣ ಬಿಡದ ಬಟ್ಟೆ, ಆಮೇಲೆ ಬ್ಯಾಗು, ಕೊನೆಗೆ ಕಾಲೊರಸುವ ಮ್ಯಾಟ್ ಒಗೆಯಬಹುದು. ಜಾಲಿಸಿದ ನೀರನ್ನು ಬಕೆಟಿನಲ್ಲಿ ಹಿಡಿದರೆ ನೆಲ ಒರಸಲು, ಶೌಚಾಲಯಕ್ಕೆ ಆಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಡ್ರಮ್ಮಿನಲ್ಲಿ ಕಟ್ಟುವ ಬಿಳಿ ಪದರವನ್ನು ನಿಂಬೆ ಉಪ್ಪು ಹಾಕಿ ಖಾಲಿ ಓಡಿಸಿ ತೆಗೆಯಬಹುದು. ಅದರ ಜೊತೆಗೆ ಬ್ಲೀಚ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಸೋಪಿನ ಪುಡಿಯನ್ನು ಅಳೆದೇ ಹಾಕಿ. ಚಾಕಣದ ಉತ್ತರಕ್ಕೆ ಭಾಮಾ, ದಕ್ಷಿಣಕ್ಕೆ ಇಂದ್ರಾಯಣಿ ಹರಿಯುತ್ತವೆ. ಎರಡೂ ಸೇರುವುದು ಭೀಮಾ ನದಿಯನ್ನು. ಆಳಂದಿಯಲ್ಲಿ ಇಂದ್ರಾಯಣಿಯ ಮೇಲೆ ಬಿಳಿ ನೊರೆ ತೇಲುವ ಸುದ್ದಿ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕಾರ್ಖಾನೆಗಳ, ಊರುಗಳ ಕೊಳಚೆಯ ಎದುರು ಒಂದು ಮನೆಯ ಸೋಪು ಚಿಕ್ಕದೇ ಇರಬಹುದು. ಆದರೆ ಭೀಮೆ ಉಜನಿ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಇಳಿಯುತ್ತಾಳೆ. ನಾವು ಇಲ್ಲಿ ಮೋರಿಗೆ ಬಿಡುವ ನೀರು ಹೋಗುವುದು ನಮ್ಮವರ ಊರಿನ ದಾರಿಯಲ್ಲೇ.