ನಿಮಗಿದು ಗೊತ್ತೆ? ಕಬ್ಬಿನ ಇಂಧನಕ್ಕೆ ದೊಡ್ಡ ಇಂಜೆಕ್ಟರ್

ಮಂಡ್ಯ, ಮದ್ದೂರು, ಮಳವಳ್ಳಿ ಬಯಲಿನ ಕಬ್ಬಿಗೂ ಟರ್ಬೊ ಕಾರಿಗೂ ನಂಟಿದೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಮುನ್ನವೇ ಕಾಕಂಬಿಯಿಂದ ವಾಹನ ಇಂಧನಕ್ಕೆಂದು ಪವರ್ ಆಲ್ಕೋಹಾಲ್, ಅಂದರೆ ಎಥನಾಲ್ ತಯಾರಿಸಿತ್ತು. ಹೆಮ್ಮೆಪಡಬೇಕಾದ ಸಂಗತಿ!

ಎಥನಾಲ್ ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ, ಆಕ್ಟೇನ್ ಕೂಡ ಹೆಚ್ಚು. ಹಾಗಾಗಿ ಟರ್ಬೊ ಒತ್ತಡ ಏರಿಸಿದರೂ ಎಂಜಿನ್ ಸುಲಭಕ್ಕೆ ನಾಕ್ ಆಗದು, ಅಂದರೆ ಇಂಧನ ಅಕಾಲದಲ್ಲಿ ಹೊತ್ತಿ ಬಡಿತ ಬಾರದು. ಆದರೆ ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಎಥನಾಲ್‌ಗೆ 9 ಕಿಲೋ ಸಾಕು. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. 300 ಅಶ್ವಶಕ್ತಿಯ 4 ಸಿಲಿಂಡರ್ ಟರ್ಬೊ ಎಂಜಿನ್‌ಗೆ ಪೆಟ್ರೋಲಾದರೆ ನಿಮಿಷಕ್ಕೆ ಸುಮಾರು 600 ಮಿಲಿಲೀಟರ್ ಹರಿಸುವ ಇಂಜೆಕ್ಟರ್ (ಇಂಧನ ಸಿಂಪಡಿಸುವ ಸಾಧನ) ಸಿಲಿಂಡರಿಗೊಂದು ಇದ್ದರೆ ಸಾಕು. ಶೇ 85ರಷ್ಟು ಎಥನಾಲ್ ಇದ್ದರೆ 800 ಆದರೂ ಬೇಕು. ಇಂಜೆಕ್ಟರ್ ಬದಲಿಸಿದ ಮೇಲೆ ಎಂಜಿನ್ ನಿಯಂತ್ರಿಸುವ ಇಸಿಯು ಟ್ಯೂನಿಂಗ್ ಕಡ್ಡಾಯ. ಬಂಕಿನ ಶೇ 20ರ ಮಿಶ್ರಣಕ್ಕೆ ಇಷ್ಟೆಲ್ಲ ಬೇಡ.