ನಡುರಾತ್ರಿ ಹುಟ್ಟಿದ ಬೀಗ

ಬೆಂಗಳೂರಿನ ನಾಗರಬಾವಿ ಎರಡನೇ ಹಂತದ ಸೈಬರ್ ಅಂಗಡಿಗೆ ಪಹಣಿ ತೆಗೆಸಲು ಬಂದವರು ವಿಳಾಸದ ಪಕ್ಕ ಪುಟ್ಟ ಬೀಗವಿದೆಯೇ ಎಂದು ನೋಡುವುದು ಅಪರೂಪ. ಜಾಲದಲ್ಲಿ ಕಾರ್ಡ್ ಸಂಖ್ಯೆ ಕೊಡಲು ಜನ ಹೆದರುತ್ತಿದ್ದ 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿ ತಂದ ಎಸ್‌ಎಸ್‌ಎಲ್ ವ್ಯವಸ್ಥೆಯ ಗುರುತು ಅದು. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಗುಪ್ತವಾಗಿಸಿದರಷ್ಟೇ ಸಾಲದು, ಎದುರಿನ ಸರ್ವರ್ ನಿಜಕ್ಕೂ ಬ್ಯಾಂಕಿನದೇ ಎನ್ನಲು ಸಾಕ್ಷಿಯೂ ಬೇಕು. ಆ ಸಾಕ್ಷಿಯೇ ಡಿಜಿಟಲ್ ಪ್ರಮಾಣಪತ್ರ. ಯಾರ ಸಾಕ್ಷಿಯನ್ನು ನಂಬಬೇಕೆಂಬ ಪಟ್ಟಿ ಮಾತ್ರ ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂ ತಯಾರಕರ ಕೈಯಲ್ಲಿ.

ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು, ಪ್ರಮಾಣಪತ್ರ ಕೊಡುವವರ ಮೇಲೊಬ್ಬ ನಿಯಂತ್ರಕರೂ ಬಂದರು. ನಾಗರಬಾವಿಯಲ್ಲೇ ಇರುವ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದುವವರಿಗೆ ಗೊತ್ತು: ಡಿಜಿಟಲ್ ಸಹಿಗೆ ಕಾನೂನಿನ ಬಲ ಬಂದದ್ದು ಈ ಕಾಯ್ದೆಯಿಂದ. ವೆಬ್‌ಸೈಟಿನ ಬೀಗಕ್ಕೆ ಆ ಬಲ ಸಾಲದು, ಬ್ರೌಸರ್ ತಯಾರಕರೂ ನಂಬಬೇಕು. 2014ರ ಜುಲೈನಲ್ಲಿ ಸರ್ಕಾರದ್ದೇ ಆದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅಥವಾ ಎನ್‌ಐಸಿಯ ಅಡಿಯಿಂದ ಗೂಗಲ್, ಯಾಹೂ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ನಿಯಂತ್ರಕರು ಎನ್‌ಐಸಿಯ ಪ್ರಮಾಣಪತ್ರಗಳನ್ನು ಕೂಡಲೇ ರದ್ದು ಮಾಡಿದರು. ಗೂಗಲ್‌ಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಭಾರತ ಸರ್ಕಾರದ ಮಾತು ಇನ್ನು ಕೆಲವೇ ವಿಳಾಸಗಳಿಗೆ ಸಲ್ಲುತ್ತದೆ ಎಂದು ತನ್ನ ಬ್ರೌಸರ್ ಕ್ರೋಮ್‌ನಲ್ಲಿ ಗೆರೆ ಎಳೆಯಿತು. ದೊಡ್ಡಣ್ಣನ ವರ್ತನೆ ಎನಿಸಬಹುದು, ತಪ್ಪಂತೂ ನಮ್ಮದೇ.

ಬ್ರೌಸರ್ ತಯಾರಕರ ನಂಬಿಕೆಯ ಪಟ್ಟಿಯೊಳಗೆ ಭಾರತದ ಹೆಸರು ಬೇರೆ ಬಾಗಿಲಿಂದ ಬಂತು. 2008ರಲ್ಲಿ ಶುರುವಾದ ಬೆಂಗಳೂರಿನ ಈಮುದ್ರಾ ಕಂಪನಿ ಎಮ್‌ಸೈನ್ ಎಂಬ ಮೂಲ ಪ್ರಮಾಣಪತ್ರ ರಚಿಸಿತು. ಅದನ್ನು ತೆರೆದು ನೋಡಿದರೆ ಆರಂಭದ ಹೊತ್ತು 2018ರ ಫೆಬ್ರವರಿ 18, ಗ್ರೀನಿಚ್ ಸಮಯ 18:30. ಅಂದರೆ ನಮ್ಮ ಗಡಿಯಾರದಲ್ಲಿ ಸರಿಯಾಗಿ ನಡುರಾತ್ರಿ! ಆಯಸ್ಸು 25 ವರ್ಷ. ಫೈರ್‌ಫಾಕ್ಸ್ ಬ್ರೌಸರ್ ಅದನ್ನು ಒಪ್ಪಿಕೊಂಡಿದೆ.

ಪ್ರಮಾಣಪತ್ರ ಸಿಕ್ಕರೆ ಮುಗಿಯಿತೆಂದಲ್ಲ. ತಾಣದ ಪ್ರಮಾಣಪತ್ರವನ್ನು ಮೂಲಕ್ಕೆ ಜೋಡಿಸುವ ನಡುವಿನ ಕೊಂಡಿಯ ಪ್ರಮಾಣಪತ್ರವನ್ನು ಸರ್ವರಿನಲ್ಲಿ ಹಾಕದೆ ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ತೆರೆದ ತಾಣ ಮೊಬೈಲಿನಲ್ಲಿ ಎಚ್ಚರಿಕೆ ತೋರಿಸಬಹುದು. ಎಸ್‌ಎಸ್‌ಎಲ್‌ನ ಮುಂದಿನ ರೂಪವಾದ ಟಿಎಲ್‌ಎಸ್‌ನ ಹಳೆಯ 1.0, 1.1 ಆವೃತ್ತಿಗಳನ್ನೂ ಮುಚ್ಚಬೇಕು. ಇನ್ನು ಬೀಗ ಇದ್ದ ಮಾತ್ರಕ್ಕೆ ತಾಣದವರು ಪ್ರಾಮಾಣಿಕರೆಂದೇನೂ ಅಲ್ಲ. ವಂಚಕರೂ ಪ್ರಮಾಣಪತ್ರ ಪಡೆಯಬಲ್ಲರು. ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದದ್ದು ಅದಕ್ಕೇ.

2029ರ ಮಾರ್ಚ್ 15ರಿಂದ ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಹೆಚ್ಚೆಂದರೆ 47 ದಿನದ ಆಯಸ್ಸು. ನಿಮ್ಮ ಶಾಲೆಗೋ ಬಡಾವಣೆಯ ಸಂಘಕ್ಕೋ ಜಾಲತಾಣವಿದ್ದರೆ, ನವೀಕರಣ ತಾನಾಗಿ ಆಗುವ ಏರ್ಪಾಡನ್ನು ಈಗಲೇ ಮಾಡಿಸಿಕೊಳ್ಳಿ.